ಹಸಿ ಗೋಣಿಚೀಲದ ಕೆಳಗಿನ ಮಣ್ಣು

ನಾನು ಈ ಶಾಲೆಗೆ ಸೇರಿದ್ದು 1995ರ ಜೂನ್‌ನಲ್ಲಿ, ಎಂಟನೇ ಕ್ಲಾಸಿಗೆ. ಅದಕ್ಕೂ ಮೊದಲು ಬೇರೆ ಊರಿನ ಒಂದು ಹಾಸ್ಟೆಲ್‌ನಲ್ಲಿದ್ದೆ. ಅಲ್ಲಿ ದೊಡ್ಡ ಹುಡುಗರು ರಾತ್ರಿ ಹೊತ್ತು ನನ್ನನ್ನು ಸಾಮಾನಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಕಿಟಕಿ ಇಲ್ಲದ ಕೋಣೆ. ಒಂದರ ಮೇಲೊಂದು ಟ್ರಂಕು. ಮನೆಯಲ್ಲಿ ಬಾಯಿ ಬಿಟ್ಟರೆ ಇನ್ನೂ ಜಾಸ್ತಿ ಬೀಳುತ್ತೆ ಅಂದಿದ್ದರು. ನಾನು ಬಾಯಿ ಬಿಡಲಿಲ್ಲ. ಯುಗಾದಿಗೆ ಎಣ್ಣೆ ಹಚ್ಚುವಾಗ ಬೆನ್ನ ಮೇಲಿನ ಬಾಸುಂಡೆ ಅವ್ವನ ಕಣ್ಣಿಗೆ ಬಿತ್ತು. ಅಪ್ಪ ಟಿ.ಸಿ. ತಂದರು.

ಇಲ್ಲಿಗೆ ಬಂದ ಮೇಲೂ ನನಗೆ ಮಾತು ಬರುತ್ತಿರಲಿಲ್ಲ. ಹಾಜರಿ ಕರೆದರೆ ಸುಮ್ನೆ ಕೈ ಎತ್ತುತ್ತಿದ್ದೆ. ಬಾಗಿಲ ಪಕ್ಕದ ಬೆಂಚು ಬಿಟ್ಟು ಬೇರೆ ಕಡೆ ಕೂರುತ್ತಿರಲಿಲ್ಲ. ಮೇಷ್ಟ್ರುಗಳು ಒಳ್ಳೆಯವರೇ. "ಏನಾಯ್ತು ಹೇಳಪ್ಪ" ಅಂತ ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಿದ್ದರು. ಕೇಳಿದಷ್ಟೂ ನನ್ನ ಗಂಟಲು ಬಿಗಿಯುತ್ತಿತ್ತು.

ಕೇಳದೇ ಇದ್ದವರು ಡ್ರಾಯಿಂಗ್ ಮೇಷ್ಟ್ರು ಒಬ್ಬರೇ.

ಅವರ ಕೋಣೆ ಈ ಶಾಲೆಯಲ್ಲಿ ಓದಿದ ನಿಮಗೆಲ್ಲ ಗೊತ್ತು. ಮೂಲೆಯಲ್ಲಿ ಕೆರೆಯಿಂದ ತಂದ ಜೇಡಿಮಣ್ಣಿನ ದೊಡ್ಡ ಮುದ್ದೆ, ಅದರ ಮೇಲೆ ಹಸಿ ಗೋಣಿಚೀಲ. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಯಾರು ಬೇಕಾದರೂ ಅಲ್ಲಿ ಕೂರಬಹುದಿತ್ತು. ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಒಬ್ಬರು ಮಾಡಿದ್ದನ್ನು ಕೇಳದೆ ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮೇಷ್ಟ್ರೂ ಕೇಳಿಯೇ ಮುಟ್ಟುತ್ತಿದ್ದರು. ನನ್ನ ಪಾಲಿಗೆ ಅದು ದೊಡ್ಡ ವಿಷಯವಾಗಿತ್ತು. ಹಾಸ್ಟೆಲ್‌ನಲ್ಲಿ ನನ್ನ ತಟ್ಟೆ, ನನ್ನ ಚಪ್ಪಲಿ, ನನ್ನ ಮೈ, ಯಾವುದನ್ನು ಮುಟ್ಟಲೂ ಯಾರೂ ನನ್ನನ್ನು ಕೇಳಿರಲಿಲ್ಲ.

ಮೊದಲ ಮೂರು ವಾರ ನನಗೆ ಅವರು ಕೊಟ್ಟ ಕೆಲಸ ಮಣ್ಣು ಹದ ಮಾಡುವುದು, ಅಷ್ಟೇ. ಕಲ್ಲು, ಬೇರು ಆರಿಸಬೇಕು. ಅಂಗೈಯಿಂದ ಒತ್ತಿ, ಮಡಚಿ, ಮತ್ತೆ ಒತ್ತಬೇಕು. ಒಳಗೆ ಗಾಳಿಗುಳ್ಳೆ ಉಳಿದು ಅಲ್ಲಿ ತೇವ ಸಿಕ್ಕಿಕೊಂಡರೆ ಕುಂಬಾರರ ಆವಿಗೆಯಲ್ಲಿ ಸುಡುವಾಗ ಒಡೆದು ಹೋಗುತ್ತದೆ. ಮನಸ್ಸಿನಲ್ಲಿದ್ದ ಸಿಟ್ಟೆಲ್ಲ ಕೈಗೆ ಬಂದು ಮಣ್ಣಿಗೆ ಬಡಿದಿದ್ದೇನೆ. ಮೇಷ್ಟ್ರು ಬೈಯಲಿಲ್ಲ. "ಚೆನ್ನಾಗಿ ಹದ ಆಗಿದೆ ಕಣೋ" ಅಂದರು.

ನಾಲ್ಕನೇ ಶನಿವಾರ ಒಂದು ಟ್ರಂಕು ಮಾಡಿದೆ. ಗೇಣುದ್ದದ್ದು. ಒಳಗೆ ಮಂಡಿ ಮಡಚಿಕೊಂಡ ಒಂದು ಪುಟ್ಟ ಗೊಂಬೆ. ಮೇಲೆ ಮುಚ್ಚಳ. ಮೇಷ್ಟ್ರು ಬಂದು ನೋಡಿದರು. ಈಗ ಕೇಳಿಯೇ ಕೇಳುತ್ತಾರೆ ಅಂತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಅಂದಿದ್ದು ಇಷ್ಟು: "ಮುಚ್ಚಳ ದಪ್ಪ ಆಯ್ತು ನೋಡು. ಒಣಗಿದ್ರೆ ಬಿರುಕು ಬಿಡುತ್ತೆ." ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ಇಟ್ಕೋತೀಯಾ, ಮತ್ತೆ ಕಲಸ್ತೀಯಾ?"

ಕಲಸಿದೆ. ನನ್ನ ಕೈಯಾರೆ ಆ ಟ್ರಂಕನ್ನು ಮುದ್ದೆ ಮಾಡಿದೆ. ಮುಂದಿನ ವಾರ ಮತ್ತೆ ಅದನ್ನೇ ಮಾಡಿದೆ, ಮತ್ತೆ ಕಲಸಿದೆ. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ದಸರಾ ರಜೆ ಕಳೆದು ಬಂದ ಮೇಲೆ ಒಂದು ದಿನ ಮುಚ್ಚಳ ಮಾಡಲು ಮನಸ್ಸಾಗಲಿಲ್ಲ. ಗೊಂಬೆ ಎದ್ದು ನಿಂತಿತ್ತು. ಅವತ್ತು ನಾನೇ ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತು ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ನನ್ನ ಒಪ್ಪಿಗೆ ಕೇಳಿ ಅಪ್ಪನನ್ನು ಕರೆಸಿದರು. ಇಬ್ಬರೂ ಆ ಹಾಸ್ಟೆಲ್‌ಗೆ ಹೋಗಿ ಬಂದರು. ಇನ್ನೂ ಎಷ್ಟು ಮಕ್ಕಳು ಅಲ್ಲಿದ್ದರು, ಅಲ್ವಾ? ಮಣ್ಣು ನನ್ನನ್ನು ಗುಣ ಮಾಡಿತು, ನಿಜ. ಆದರೆ ಆ ಚಿಲಕ ತೆಗೆಸಲು ದೊಡ್ಡವರು ಬಸ್ಸು ಹತ್ತಲೇಬೇಕಿತ್ತು.

ಈಗ ನಾನು ಮಾಡುವ ಕೆಲಸ ಅದಕ್ಕೆ ಹತ್ತಿರದ್ದೇ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರಲ್ಲಿ ಬಂದ ಪೋಕ್ಸೊ ಕಾಯ್ದೆಯಡಿ ಮಕ್ಕಳ ಕಲ್ಯಾಣ ಸಮಿತಿಯವರು ಮಗುವಿಗೆ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡುತ್ತಾರೆ. ಪೊಲೀಸ್, ಆಸ್ಪತ್ರೆ, ಕೋರ್ಟು, ಎಲ್ಲ ಕಡೆ ಮಗುವಿನ ಜೊತೆ ಇರುವವರು. ಹೇಳಿಕೆ ಬರೆದುಕೊಳ್ಳುವ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರಬಾರದು, ಮಗುವಿನ ಮನೆಯಲ್ಲೋ ಮಗುವಿಗೆ ಸರಿ ಅನಿಸಿದ ಜಾಗದಲ್ಲೋ ಬರೆದುಕೊಳ್ಳಬೇಕು, ಸಾಕ್ಷಿ ಹೇಳಲು ಮತ್ತೆ ಮತ್ತೆ ಕೋರ್ಟಿಗೆ ಕರೆಸಬಾರದು ಅಂತ ಆ ಕಾಯ್ದೆಯಲ್ಲೇ ಇದೆ. ಓದಿದಾಗ ನನಗೆ ಮೇಷ್ಟ್ರೇ ನೆನಪಾದರು.

ನನ್ನ ಚೀಲದಲ್ಲಿ ಯಾವಾಗಲೂ ಮಣ್ಣು, ಕ್ರೇಯಾನ್, ಹಳೇ ಪೇಪರ್ ಇರುತ್ತದೆ. ಆ ಮಕ್ಕಳ ಬಗ್ಗೆ ಇಲ್ಲಿ ಒಂದಕ್ಷರ ಬರೆಯುವುದಿಲ್ಲ. ಅವರ ಗುರುತು ಹೊರಗೆ ಬರಬಾರದು. ಒಂದು ಮಾತು ಮಾತ್ರ ಮೇಷ್ಟ್ರು ಆದವರಿಗೆ, ತಂದೆತಾಯಿಗೆ ಹೇಳಬೇಕು. ಮಗು ಕಪ್ಪು ಬಣ್ಣ ಬಳಿದ ಕೂಡಲೇ ಅದಕ್ಕೆ ಅರ್ಥ ಹಚ್ಚಬೇಡಿ. ಚಿತ್ರ ಹಿಡಿದು ಮಗುವನ್ನು ವಿಚಾರಣೆ ಮಾಡಬೇಡಿ. ಅದು ಮಗುವಿನದ್ದು. ಆದರೆ ಮಗು ತಾನಾಗಿ ಹೇಳಿದರೆ ಮುಚ್ಚಿಡಬೇಡಿ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಕಾನೂನು ಹಾಗೇ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ನಿದ್ದೆ ಊಟ ಬಿಟ್ಟ ಮಗುವಿಗೆ ಮಣ್ಣು ಸಾಲದು. ನಾವು ಅಂಥವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೂ ಕರೆದುಕೊಂಡು ಹೋಗುತ್ತೇವೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಗುಂಪಿನಲ್ಲಿ ಸೇರುವ ಧೈರ್ಯ ಬಂದರೆ, ಬೇಸಿಗೆಯಲ್ಲಿ ಮೈಸೂರಿನ ರಂಗಾಯಣದವರು ಮಕ್ಕಳಿಗೆ ನಡೆಸುವ ಚಿಣ್ಣರ ಮೇಳದಂಥ ರಂಗ ಶಿಬಿರಕ್ಕೆ ಕಳಿಸಿ ಅಂತ ಮನೆಯವರಿಗೆ ಹೇಳುತ್ತೇನೆ. ಅಲ್ಲಿ ಹಾಡಿಕೊಂಡು ಕುಣಿಯುವಾಗ ಅದು ಬರೀ ಒಂದು ಮಗು, 'ಕೇಸಿನ ಮಗು' ಅಲ್ಲ.

ಹೋದ ತಿಂಗಳು ಶಾಲೆಗೆ ಬಂದಿದ್ದೆ. ಹೊಸ ಕಟ್ಟಡಕ್ಕೆ ಪಾಯ ತೆಗೆದಿದ್ದಾರೆ, ಹಳೇ ಡ್ರಾಯಿಂಗ್ ಕೋಣೆ ಹೋಗುತ್ತದಂತೆ. ಹೊಸದರಲ್ಲಿ ಕಂಪ್ಯೂಟರ್ ಬರಲಿ, ಪ್ರೊಜೆಕ್ಟರ್ ಬರಲಿ, ತುಂಬ ಸಂತೋಷ. ಹೆಡ್‌ಮಾಸ್ಟರ್ ಹತ್ತಿರ ನನ್ನದು ಒಂದೇ ಕೋರಿಕೆ. ನೀರಿನ ನಲ್ಲಿ ಹತ್ತಿರ, ಬಾಗಿಲಿಗೆ ಸಮೀಪ ಒಂದು ಮೂಲೆ ಬಿಡಿಸಿಕೊಡಿ ಸರ್. ಗೋಣಿಚೀಲ ನಾನು ತರುತ್ತೇನೆ. ಕೆರೆಯಿಂದ ಒಂದು ಗಾಡಿ ಮಣ್ಣೂ ನಾನೇ ಹಾಕಿಸುತ್ತೇನೆ.