ಕಾಫಿ ಕಣದ ಕೊಲೆ: ಮೊದಲ ಪ್ರಯೋಗದ ನಂತರ

ಗೆಳೆಯರಿಗಾಗಿ ಬರೆಯುತ್ತಿರುವ ಕೊಲೆ ಪತ್ತೆಯ ಆಟವನ್ನು ಕಳೆದ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಆಡಿಸಿದೆ. ಪಾತ್ರಗಳು ಎಂಟು, ಬಂದವರು ಏಳು ಮಂದಿ; ಊಟವೂ ಸೇರಿ ಮೂರೂವರೆ ಗಂಟೆ ಹಿಡಿಯಿತು. ಕೊಲೆಗಾರ ಪಾತ್ರ ಪತ್ತೆಯಾಯಿತು, ಆದರೆ ಪತ್ತೆಯಾದ ಬಗೆ ನನಗೆ ತೃಪ್ತಿ ತಂದಿಲ್ಲ. ಬೇರೊಂದು ತಂಡದೊಂದಿಗೆ ಮತ್ತೆ ಆಡಿಸುವ ಉದ್ದೇಶವಿರುವುದರಿಂದ ಅದು ಯಾವ ಪಾತ್ರವೆಂದು ಇಲ್ಲಿ ಬರೆಯುವುದಿಲ್ಲ.

ಕತೆ ನಡೆಯುವುದು 1985ರ ಜನವರಿಯಲ್ಲಿ, ಸಕಲೇಶಪುರದ ಕಡೆಯ ಒಂದು ಕಾಲ್ಪನಿಕ ತೋಟದಲ್ಲಿ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಆ ಕಾಲದಲ್ಲಿ, ಯಾರು ಎಷ್ಟು ಹೊತ್ತಿಗೆ ಎಲ್ಲಿದ್ದರೆಂಬುದನ್ನು ಮಾತಿನಿಂದಲೇ ತಿಳಿಯಬೇಕಿತ್ತು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಪೂಲ್ ವ್ಯವಸ್ಥೆ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ಮನೆಬಳಕೆಗೂ ಬಿತ್ತನೆಗೂ ಬೇಕಾದಷ್ಟನ್ನು ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಎಲ್ಲರಿಗೂ ಮುಕ್ತ ಮಾರಾಟದ ಅವಕಾಶ ದೊರೆತದ್ದು 1996ರಲ್ಲಿ. ಹಾಗಾಗಿ ಐದು ಮೂಟೆ ಕಾಫಿಯನ್ನು ಕದ್ದು ಹೊರಗೆ ಮಾರುವುದು ಅಂದು ತೋಟದ ಯಜಮಾನನಿಗೆ ಮಾಡಿದ ಮೋಸ ಮಾತ್ರವಲ್ಲ, ಕಾನೂನಿಗೂ ವಿರುದ್ಧ. ಗುಟ್ಟು ಹೊರಬೀಳುವ ಭಯಕ್ಕೆ ಸಾಹುಕಾರರು ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಇರುವ ಮನೆಯ ಹಿಂದೆ ಹೆಣವಾಗುತ್ತಾರೆ.

ಅರೇಬಿಕಾ ಹಣ್ಣನ್ನು ಪಲ್ಪರ್‌ಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿದಾಗ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಪಾರ್ಚ್‌ಮೆಂಟ್, ಅಂದರೆ ಒಳಹೊಟ್ಟು ಬಿಡಿಸದ ಒಣ ಬೀಜ, ಉಳಿಯುತ್ತದೆ. ತೋಟದ ಗುಮಾಸ್ತನಾದ ರೈಟರ್ ಬಳಿಯ ತೂಕದ ಪುಸ್ತಕದಲ್ಲಿ ಹಣ್ಣು 6,000 ಕೆ.ಜಿ.; ಗೋದಾಮಿನ ಪುಸ್ತಕದಲ್ಲಿ 50 ಕೆ.ಜಿ.ಯ 19 ಮೂಟೆ ಪಾರ್ಚ್‌ಮೆಂಟ್. ಇರಬೇಕಾದದ್ದು 24. ಈ ಎರಡು ಪುಸ್ತಕಗಳ ಹಾಳೆಗಳನ್ನು ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ ಹಳೆಯದಾಗಿಸಿದ್ದೆ. (ಬರೆದ ಮೇಲೆ ಅದ್ದಿದ ಮೊದಲ ಕಂತು ಶಾಯಿ ಹರಡಿ ಹಾಳಾಯಿತು, ಅದ್ದಿ ಒಣಗಿಸಿದ ಮೇಲೆಯೇ ಬರೆಯಬೇಕು.)

ಆರು ಮಂದಿ ಆ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ, ಅಕ್ಷರ ಚೆನ್ನಾಗಿದೆ ಎಂದು ಹೊಗಳಿ ಸುಮ್ಮನಾದರು. ಏಳನೆಯವಳ ತವರು ಮೂಡಿಗೆರೆಯ ಕಡೆಯ ಒಂದು ತೋಟ. ಅವಳು ಪುಟ ತಿರುವಿದ ಕೂಡಲೇ, “ಹಣ್ಣಿಗೆ ತಕ್ಕ ಪಾರ್ಚ್‌ಮೆಂಟ್ ಎಲ್ಲಿ?” ಎಂದು ಕೇಳಿದಳು. ಅಲ್ಲಿಂದ ಮುಂದೆ ಉಳಿದವರೆಲ್ಲ ಅವಳ ಹಿಂದೆ ನಡೆದರು. ತಪ್ಪು ನನ್ನದೇ: ಒಬ್ಬರಿಗೆ ಮಾತ್ರ ಗೊತ್ತಿರುವ ಲೆಕ್ಕದ ಮೇಲೆ ಇಡೀ ಆಟವನ್ನು ನಿಲ್ಲಿಸಿದ್ದೆ. ಈಗ ಐದಕ್ಕೊಂದರ ಲೆಕ್ಕ ಮೇಸ್ತ್ರಿಯ ಪಾತ್ರದ ಹಾಳೆಯಲ್ಲಿ ಗೊಣಗಾಟದ ರೂಪದಲ್ಲಿದೆ, ಪುಸ್ತಕಗಳು ರೈಟರ್ ಬಳಿಯೇ ಇವೆ; ಇಬ್ಬರೂ ಮಾತನಾಡದೆ ಕೊರತೆ ತಿಳಿಯುವುದಿಲ್ಲ. ಲಾರಿ ಚಾಲಕನ ಜೇಬಿನ ಚೀಟಿಯಿಂದಲೂ ಅದೇ ಐದು ಮೂಟೆಗೆ ಇನ್ನೊಂದು ದಾರಿ ಮಾಡಿದ್ದೇನೆ.

ಸುಳ್ಳಿನ ನಿಯಮವೂ ಕೈಕೊಟ್ಟಿತು. ಕೊಲೆಗಾರ ಮಾತ್ರ ಸುಳ್ಳಾಡಬಹುದು, ಉಳಿದವರು ಮರೆಮಾಚಬಹುದೇ ಹೊರತು ಸುಳ್ಳು ಹೇಳುವಂತಿಲ್ಲ ಎಂದಿದ್ದೆ. ಎರಡನೆಯ ಸುತ್ತಿನ ಹೊತ್ತಿಗೆ, ಒಂದು ಸುಳ್ಳು ಸಿಕ್ಕರೆ ಕೊಲೆಗಾರನೂ ಸಿಕ್ಕಂತೆಯೇ ಎಂದು ಎಲ್ಲರೂ ಅರಿತರು. ಆದ್ದರಿಂದ ಪ್ರತಿಯೊಂದು ಪಾತ್ರಕ್ಕೂ ತನ್ನದೇ ಒಂದು ಸಣ್ಣ ಗುಟ್ಟನ್ನೂ, ಅದರ ಬಗ್ಗೆ ಮಾತ್ರ ಸುಳ್ಳಾಡುವ ಅನುಮತಿಯನ್ನೂ ಕೊಡುತ್ತಿದ್ದೇನೆ.

ಡಾಕ್ಟರ ಪಾತ್ರಧಾರಿ ಸಂಜೆ ಆರಕ್ಕೆ ಫೋನ್ ಮಾಡಿ ಬರಲಾಗುವುದಿಲ್ಲವೆಂದರು. ಅವರ ಮಾತುಗಳನ್ನು ನಾನೇ ಓದಿದೆ. ಆಟ ನಡೆಸುವವನ ಬಾಯಿಂದ ಬಂದದ್ದರಿಂದ ಅದನ್ನು ಯಾರೂ ಅನುಮಾನಿಸಲಿಲ್ಲ. ಮುಂದಿನ ಸಲ ಯಾರಾದರೂ ತಪ್ಪಿಸಿಕೊಂಡರೆ ಡಾಕ್ಟರ ವರದಿ ಮುಚ್ಚಿದ ಲಕೋಟೆಯಲ್ಲಿ ಮೇಜಿನ ಮೇಲಿರುತ್ತದೆ.

ಎರಡನೆಯ ಕರಡಿನಲ್ಲಿ ಏಳು ಹಾಳೆಗಳು ಮುಗಿದಿವೆ. ಅಡುಗೆಯವಳದು ಬಾಕಿ, ಅವಳು ಯಾವುದರ ಬಗ್ಗೆ ಸುಳ್ಳು ಹೇಳಬೇಕೆಂಬುದು ಇನ್ನೂ ಹೊಳೆದಿಲ್ಲ.