ಪ್ರಿಂಟರ್ ಪಕ್ಕದಲ್ಲೇ ಇದೆ, ಲ್ಯಾಪ್‌ಟಾಪಿಗೆ ಕಾಣಲ್ಲ
ಡೆಸ್ಕ್‌ಟಾಪ್‌ಗೆ ಪ್ರಿಂಟರ್ ಹಾಕಿ ಶೇರ್ ಮಾಡಿದ್ದೆ, ಲ್ಯಾಪ್‌ಟಾಪಿಂದ ಆರಾಮಾಗಿ ಪ್ರಿಂಟ್ ಬರ್ತಿತ್ತು, ರೂಟರ್ ಬದಲಾಯಿಸಿದ ದಿನದಿಂದ ಡೆಸ್ಕ್‌ಟಾಪೇ ಮಂಗಮಾಯ. ಪ್ರಿಂಟರ್ ನಡೆಸೋ ಡ್ರೈವರ್ ಸಾಫ್ಟ್‌ವೇರ್ ತೆಗೆದು ಎರಡು ಸಲ ಹಾಕಿದೆ, ದಂಡ. ಆಮೇಲೆ ಬುದ್ಧಿ ಬಂದು ಐಪಿಕಾನ್ಫಿಗ್ ಅಂತ ನೆಟ್‌ವರ್ಕ್ ಅಡ್ರೆಸ್ ತೋರಿಸೋ ಕಮಾಂಡ್ ಹೊಡೆದ್ರೆ ಎರಡರಲ್ಲೂ 192.168.1 ಅಂತಲೇ ಶುರುವಾಗೋ ಅಡ್ರೆಸ್, ಅಂದ್ರೆ ನೆಟ್‌ವರ್ಕ್ ಒಂದೇ. (169.254 ಅಂತ ಬಂದಿದ್ರೆ ರೂಟರಿಂದ ಅಡ್ರೆಸ್ಸೇ ಸಿಕ್ಕಿಲ್ಲ ಅಂತ, ಆಗ ಶೇರಿಂಗ್ ಬಿಟ್ಟು ಮೊದಲು ಅದನ್ನ ನೋಡ್ಬೇಕು.) ಲ್ಯಾಪ್‌ಟಾಪಿಂದ ಡೆಸ್ಕ್‌ಟಾಪ್‌ಗೆ ಪಿಂಗ್ ಮಾಡಿದ್ರೆ, ಅಂದ್ರೆ ‘ಇದೀಯಾ’ ಅಂತ ಕೂಗಿ ನೋಡಿದ್ರೆ, ಉತ್ತರ ಇಲ್ಲ.

ಕೊನೆಗೆ ನೋಡಿದ್ರೆ ಹೊಸ ವೈಫೈ ಸೇರಿಸುವಾಗ ಅದು ಪಬ್ಲಿಕ್ ನೆಟ್‌ವರ್ಕ್ ಅಂತ ಕೂತುಬಿಟ್ಟಿದೆ, ಹಂಗಿದ್ರೆ ವಿಂಡೋಸಿನ ಕಾವಲುಗಾರ ಫೈರ್‌ವಾಲ್ ಬೇರೆ ಕಂಪ್ಯೂಟರನ್ನ ಹೊಸಿಲು ದಾಟೋಕೂ ಬಿಡಲ್ಲ, ತಪ್ಪೇನಲ್ಲ ಬಿಡಿ, ಹೊರಗಡೆ ವೈಫೈಗೆ ಅದೇ ಸರಿ. ಪ್ರೈವೇಟ್ ಮಾಡಿದ್ಮೇಲೆ ಕಾಣಿಸ್ತು.

ಆದ್ರೆ ಲ್ಯಾಪ್‌ಟಾಪಿಂದ ಡೆಸ್ಕ್‌ಟಾಪಿನ ಫೋಲ್ಡರ್ ಓಪನ್ ಮಾಡೋಕೆ ಹೋದ್ರೆ ಪಾಸ್‌ವರ್ಡ್ ಕೇಳ್ತು, ನಾನು ದಿನಾ ಹಾಕೋ ಪಿನ್ನೇ ಹೊಡೀತಾ ಕೂತೆ. ಪಿನ್ ಆ ಒಂದು ಮಷೀನಿಗೆ ಮಾತ್ರ, ನೆಟ್‌ವರ್ಕಲ್ಲಿ ಅಕೌಂಟಿನ ಪಾಸ್‌ವರ್ಡೇ ಬೇಕು, ಅದೋ ನಂಗೆ ಮರ್ತೇ ಹೋಗಿತ್ತು! ರೀಸೆಟ್ ಮಾಡಿ ಹಾಕ್ದೆ. ಡೆಸ್ಕ್‌ಟಾಪ್ ನಿದ್ದೆ ಹೋದ್ರೆ ಪ್ರಿಂಟರೂ ಕೈಕೊಡುತ್ತೆ, ಹಂಗಾಗಿ ಸ್ಲೀಪ್ ಕೂಡ ಆಫ್ ಮಾಡಿಟ್ಟಿದೀನಿ.