ಇಪ್ಪತ್ತು ಕಿಲೋ ಹಣ್ಣು, ಎರಡು ಕಿಲೋ ಮೇವು

2025ರ ಮಾರ್ಚ್‌ನಲ್ಲಿ, ರಂಜಾನ್ ಉಪವಾಸದ ದಿನಗಳಲ್ಲಿ, ಮೊಟ್ಟೆ ಮಾರಲು ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಹೋದಾಗಲೆಲ್ಲ ಹಣ್ಣಿನ ಗಾಡಿಗಳ ಹಿಂದೆ ಬಿದ್ದಿರುತ್ತಿದ್ದ ರಾಶಿ ನನ್ನ ಕಣ್ಣು ಸೆಳೆಯುತ್ತಿತ್ತು. ಕಲ್ಲಂಗಡಿ ಸಿಪ್ಪೆ, ಒಡೆದ ಪಪ್ಪಾಯಿ, ಕರ್ರಗಾದ ಬಾಳೆಹಣ್ಣು ಎಲ್ಲವೂ ಸಂಜೆಯಾಗುತ್ತಲೇ ದನಗಳ ಪಾಲಾಗುತ್ತಿದ್ದವು. ನಮ್ಮ ಹಿತ್ತಲಲ್ಲಿ ಗಿರಿರಾಜ ತಳಿಯ ಅರವತ್ತು ಕೋಳಿಗಳಿವೆ. ಕೋಳಿ ಸಾಕಣೆಯ ಖರ್ಚಿನಲ್ಲಿ ನೂರಕ್ಕೆ ಅರವತ್ತರಿಂದ ಎಪ್ಪತ್ತು ಪಾಲು ಆಹಾರಕ್ಕೇ ಹೋಗುತ್ತದೆ. ಆ ತಿಂಗಳು ಮೆಕ್ಕೆಜೋಳವನ್ನು ನಾನು ಕಿಲೋಗೆ 26 ರೂಪಾಯಿ ಕೊಟ್ಟು ತಂದಿದ್ದೆ. ಪುಕ್ಕಟೆ ಸಿಗುವ ಹಣ್ಣನ್ನು ಹುಳಿ ಹಿಡಿಸಿ ಕೋಳಿಗೆ ಹಾಕಿದರೆ ಜೋಳದ ಖರ್ಚು ಅರ್ಧವಾದರೂ ತಗ್ಗೀತೆಂಬ ಆಸೆ ಹುಟ್ಟಿದ್ದು ಅಲ್ಲಿಯೇ.

ಒಂದು ಸಂಜೆ ಇಪ್ಪತ್ತು ಕಿಲೋ ತೂಗಿಸಿ, ಆಟೋದವನಿಗೆ 80 ರೂಪಾಯಿ ಕೊಟ್ಟು ಮನೆಗೆ ತಂದೆ. ಮೋಸಂಬಿ ಸಿಪ್ಪೆ ಕಹಿಯಾದ್ದರಿಂದ ಅದನ್ನು ಆರಿಸಿ ತೆಗೆದೆ. ಜ್ಯೂಸ್ ಅಂಗಡಿಗಳಲ್ಲಿ ಈಗೀಗ ಬಳಸುವ ಬೆಣ್ಣೆಹಣ್ಣು (ಅವಕಾಡೊ) ಪಕ್ಷಿಗಳಿಗೆ ವಿಷವೆಂದು ಗೊತ್ತಿದ್ದರಿಂದ ಅದರ ಚೂರೂ ಸೇರದಂತೆ ನೋಡಿಕೊಂಡೆ. ಉಳಿದದ್ದನ್ನು ಸಣ್ಣಗೆ ಹೆಚ್ಚಿ, ಅರ್ಧ ಕಿಲೋ ಬೆಲ್ಲವನ್ನೂ ಒಂದು ಚೊಂಬು ಹುಳಿ ಮಜ್ಜಿಗೆಯನ್ನೂ ಬೆರೆಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಾಳಿಯಾಡದಂತೆ ಒತ್ತಿ ಮುಚ್ಚಳ ಬಿಗಿದೆ. ಬಿಗಿದದ್ದೇ ತಪ್ಪಾಯಿತು. ಸಕ್ಕರೆ ಹುದುಗುವಾಗ ಅನಿಲ ಹುಟ್ಟುತ್ತದೆಂಬುದು ಪುಸ್ತಕದಲ್ಲಿ ಓದಿದ್ದರೂ ಕೈಗೆ ನೆನಪಿರಲಿಲ್ಲ. ಎರಡನೆಯ ರಾತ್ರಿ ಮುಚ್ಚಳ ಸಿಡಿದು ಗೋಡೆಗೆ ಬಡಿದ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದವು. ಅಂದಿನಿಂದ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಅನಿಲ ಬಿಡುವುದು ರೂಢಿಯಾಯಿತು.

ಏಳನೆಯ ದಿನ ಬೆಳಿಗ್ಗೆ ಡ್ರಮ್ಮು ತೆರೆದಾಗ ಮೇಲೆ ತೆಳುವಾದ ಬಿಳಿ ಪದರ ಕಟ್ಟಿತ್ತು. ಅದರ ಕೆಳಗೆ ತುಂಡುಗಳು ಮೆತ್ತಗಾಗಿ ಕಂದು ರಸದಲ್ಲಿ ತೇಲುತ್ತಿದ್ದವು. ವಾಸನೆ ಬೇಲಿ ದಾಟಿತು. ಪಕ್ಕದ ಮನೆಯ ಕಾಕಾ ಇಣುಕಿ, “ಕೋಳಿಗಿ ಸೇಂದಿ ಕುಡಸ್ಲತ್ತೀಯೇನವಾ?” ಎಂದು ನಕ್ಕರು. ಅವರ ಮೂಗು ಸುಳ್ಳು ಹೇಳಿರಲಿಲ್ಲ, ಯೀಸ್ಟ್ ಮೇಲುಗೈ ಪಡೆದರೆ ಸಕ್ಕರೆಯೆಲ್ಲ ಮದ್ಯಸಾರವಾಗುತ್ತದೆ. ನಮಗೆ ಬೇಕಾದದ್ದು ಮೊಸರಿನ ಜಾತಿಯ ಹುಳಿ. ಆ ಹುಳಿ ಏರಿದಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಬಾಳುವುದಿಲ್ಲ. ನಾನು ಹುಳಿ ಅಳೆಯುವ ಪಿಎಚ್ ಕಾಗದ ಹುಡುಕುತ್ತಿದ್ದಾಗ ನಮ್ಮ ಅತ್ತೆಯವರು ಬಂದು, ಬೆರಳದ್ದಿ ಮೂಸಿ, “ಅಂಬಲಿ ಹುಳಿ ಹಂಗ ಇದ್ರ ಹಾಕು, ಹೊಲಸ ನಾತ ಬಂದ್ರ ತಿಪ್ಪಿಗಿ ಚೆಲ್ಲು” ಎಂದರು. ಆಮೇಲೆ ಕಾಗದದ ಬಣ್ಣ ಸುಮಾರು 4 ತೋರಿಸಿತು, ಅಂದರೆ ಬೇಕಾದಷ್ಟು ಹುಳಿಯೇರಿತ್ತು. ಜೋಳದ ಅಂಬಲಿ ಹುಳಿ ಹಾಕುತ್ತ ಬಾಳು ಸವೆಸಿದವರಿಗೆ ಕಾಗದದ ಅಗತ್ಯವಿರಲಿಲ್ಲ. ಬಿಳಿ ಪದರವನ್ನು ಕೆನೆಯಂತೆ ತೆಗೆದೆವು. ಹಸಿರು ಅಥವಾ ಕಪ್ಪು ಬೂಷ್ಟು ಕಂಡಿದ್ದರೆ ಡ್ರಮ್ಮಿಗೆ ಡ್ರಮ್ಮೇ ತಿಪ್ಪೆ ಸೇರಬೇಕಿತ್ತು, ಏಕೆಂದರೆ ಬೂಷ್ಟಿನ ವಿಷ ಕೋಳಿಯ ಯಕೃತ್ತನ್ನು ತಿನ್ನುತ್ತದೆ.

ಬಟ್ಟೆಯಲ್ಲಿ ಸೋಸಿ, ಹಿಪ್ಪೆಯನ್ನು ಮಾಳಿಗೆಯ ಮೇಲೆ ಹರವಿ ಮೂರು ದಿನ ಒಣಗಿಸಿದೆ. ನಮ್ಮ ಕಡೆಯ ಬಿಸಿಲು ಒಂದಾದರೂ ಪುಕ್ಕಟೆ ಉಪಕಾರ ಮಾಡಬೇಕಲ್ಲ! ಒಣಗಿದ್ದನ್ನು ತಕ್ಕಡಿಗೆ ಹಾಕಿದಾಗ ಮುಳ್ಳು 2 ಕಿಲೋ 100 ಗ್ರಾಂ ಬಳಿ ನಿಂತಿತು. ತಕ್ಕಡಿ ಕೆಟ್ಟಿರಬೇಕೆಂದು ಕಿಲೋ ಬಟ್ಟು ಇಟ್ಟು ನೋಡಿದೆ, ಕೆಟ್ಟಿರಲಿಲ್ಲ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತಲೂ ಹೆಚ್ಚು ನೀರೇ ಇರುತ್ತದೆ; ನಾನು ಆಟೋದಲ್ಲಿ ಹೇರಿಕೊಂಡು ಬಂದದ್ದು ಬಹುಪಾಲು ನೀರನ್ನು. ಸಿಪ್ಪೆಯ ನಾರನ್ನು ಕೋಳಿ ಸರಿಯಾಗಿ ಅರಗಿಸಿಕೊಳ್ಳಲಾರದು. ಅದನ್ನು ಮರೆತು ಮೆಕ್ಕೆಜೋಳಕ್ಕೆ ಸಮನೆಂದೇ ಲೆಕ್ಕ ಹಿಡಿದರೂ ಸಿಕ್ಕಿದ್ದು 55 ರೂಪಾಯಿಯ ಮೇವು, ಆಟೋಗೆ ಕೊಟ್ಟದ್ದು 80, ಬೆಲ್ಲದ ದುಡ್ಡು ಬೇರೆ.

ಹಾಗೆಂದು ಬಿಟ್ಟುಬಿಡಲಿಲ್ಲ. ಮೊಟ್ಟೆ ಇಡುವ ಕೋಳಿಗೆ ಆಹಾರದಲ್ಲಿ ನೂರಕ್ಕೆ 16ರಿಂದ 18 ಪಾಲು ಪ್ರೋಟೀನ್ ಬೇಕು, ಹಣ್ಣಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಸೋಯಾ ಹಿಂಡಿಯನ್ನು ಮುಟ್ಟದೆ, ಮೆಕ್ಕೆಜೋಳದ ಪಾಲಿನಲ್ಲಿ ಮಾತ್ರ ಕಡಿಮೆ ಮಾಡಿ, ಒಟ್ಟು ಆಹಾರದ ಹತ್ತನೆಯ ಒಂದು ಭಾಗದಷ್ಟು ಹಣ್ಣಿನ ಪುಡಿ ಬೆರೆಸಿದೆ. ದಿನಕ್ಕೆ ಆರೂವರೆ ಕಿಲೋ ತಿನ್ನುವ ನಮ್ಮ ಕೋಳಿಗಳಿಗೆ ಅದು ಮೂರು ದಿನಕ್ಕೆ ಮುಗಿಯಿತು. ಎರಡನೆಯ ಡ್ರಮ್ಮನ್ನು ಒಣಗಿಸದೆ, ಅತಿಯಾಸೆಯಿಂದ ಹಸಿಯಾಗಿಯೇ ಬುಟ್ಟಿಗಟ್ಟಲೆ ಸುರಿದೆ. ಮರುದಿನ ಹಿಕ್ಕೆ ನೀರಾಗಿ, ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ, ಗೂಡಿನಲ್ಲಿ ಕಣ್ಣುರಿಸುವ ಘಾಟು ತುಂಬಿಕೊಂಡಿತು. ಹೊಟ್ಟು ಬದಲಿಸಲು ಅರ್ಧ ದಿನವೇ ಹೋಯಿತು.

ಒಂದು ವಿಷಯ ಮಾತ್ರ ನಾನೆಣಿಸದ ಕಡೆಯಿಂದ ದಕ್ಕಿತು. ಏಪ್ರಿಲ್‌ನ ಮಧ್ಯಾಹ್ನ ಕೋಳಿಗಳು ಬಾಯಿ ತೆರೆದು ತೇಕುತ್ತ ಒಣ ಆಹಾರದ ಕಡೆ ತಿರುಗಿಯೂ ನೋಡುವುದಿಲ್ಲ. ಆ ಹೊತ್ತಿಗೆ ಹುಳಿ ಹಿಡಿಸಿದ ಹಣ್ಣಿನ ರಸದಲ್ಲಿ ಎರಡು ಹಿಡಿ ಆಹಾರ ಕಲಸಿ ತಟ್ಟೆಗಿಟ್ಟರೆ ನೆರಳಿನಿಂದ ಎದ್ದು ಬರುತ್ತವೆ. ಗಂಟೆಯೊಳಗೆ ತಿಂದು ಮುಗಿಸದಿದ್ದರೆ ತಟ್ಟೆ ತೆಗೆದುಬಿಡುತ್ತೇನೆ.

ಈಗ ಹಣ್ಣಿಗಾಗಿ ಆಟೋ ಹಿಡಿಯುವುದಿಲ್ಲ. ಮೊಟ್ಟೆಯ ಬುಟ್ಟಿ ಖಾಲಿಯಾಗಿ ಹಿಂದಿರುಗುವಾಗ ಅದರಲ್ಲಿ ಹಿಡಿಯುವಷ್ಟೇ ತರುತ್ತೇನೆ. ಗಾಡಿಯವರು ಕಲ್ಲಂಗಡಿ ಸಿಪ್ಪೆ ತೋರಿಸಿದರೆ ಬೇಡವೆನ್ನುತ್ತೇನೆ, ಬಾಳೆಹಣ್ಣಿದ್ದರೆ ಮಾತ್ರ ಬುಟ್ಟಿ ಕೆಳಗಿಡುತ್ತೇನೆ.